ಮಿನುಗುವ ಡಬ್ಬಿಯೂ ತೋಳಿನ ಪಾಠವೂ

ನಾಲ್ಕೂವರೆಗೆ ಎದ್ದವಳು ಬೆಳಕು ಹರಿಯುವುದರೊಳಗೆ ಮುಗಿಸಿದ ಕೆಲಸಗಳಿಷ್ಟು: ಹಾಲು ಕಾಯಿಸಿದ್ದು, ಅದು ಉಕ್ಕದಂತೆ ಒಂದು ಕಣ್ಣಿಟ್ಟು ಇನ್ನೊಂದು ಕಣ್ಣಿನಲ್ಲಿ ತರಕಾರಿ ಹೆಚ್ಚಿದ್ದು, ತಿಂಡಿಗೊಂದು, ಮಧ್ಯಾಹ್ನಕ್ಕೊಂದು ಅಡುಗೆ ಮಾಡಿ ಮುಚ್ಚಿಟ್ಟಿದ್ದು, ಅತ್ತೆಯ ಬೆಳಗಿನ ಮೂರು ಮಾತ್ರೆ, ಮಧ್ಯಾಹ್ನದ ಒಂದು ಮಾತ್ರೆ ಬೇರೆ ಬೇರೆ ಬಟ್ಟಲಿಗೆ ಹಾಕಿದ್ದು, ಮೆಷಿನ್ನಿಗೆ ಬಟ್ಟೆ ತುಂಬಿ, ತೆಗೆದು, ಒಣಹಾಕಿದ್ದು, ಗಂಡನ ಶರ್ಟಿಗೆ ಇಸ್ತ್ರಿ ಮಾಡಿದ್ದು. ಮನೆಯಿಂದಲೇ ಕಚೇರಿ ಕೆಲಸ ಮಾಡುವ ಗಂಡ ಮೀಟಿಂಗಿನಲ್ಲಿ ಎದೆಯಿಂದ ಮೇಲೆ ಮಾತ್ರ ಕಾಣುತ್ತಿದ್ದುದರಿಂದ ಪ್ಯಾಂಟಿಗೆ ಇಸ್ತ್ರಿಯ ಅಗತ್ಯವಿರಲಿಲ್ಲ. ಅಭ್ಯಾಸಬಲದಿಂದ ಅದಕ್ಕೂ ಮಾಡಿದ್ದಳು. ಆಮೇಲೆ ಮಗಳ ಕಾಣೆಯಾದ ಇಯರ್‌ಫೋನನ್ನು ಸೋಫಾದ ಸಂದಿಯಿಂದ ಎಳೆದು ತೆಗೆದದ್ದು. ಕಟ್ಟಕಡೆಗೆ, ಹೊಲಿಗೆ ಕೋಣೆಯ ಗೋಡೆಗೂಡಿನ ಧೂಳು ಹೊಡೆದು, ಅಲ್ಲಿದ್ದ ವೈರುಗಳನ್ನೆಲ್ಲ ಕಿತ್ತು, ಒದ್ದೆ ಬಟ್ಟೆಯಲ್ಲೊಮ್ಮೆ ಒಣ ಬಟ್ಟೆಯಲ್ಲೊಮ್ಮೆ ಒರೆಸಿ, ಮತ್ತೆ ಚುಚ್ಚಿದ್ದು.

ಈ ಕಡೆಯ ಕೆಲಸವನ್ನು ಮಾಡು ಎಂದು ಯಾರೂ ಹೇಳಿರಲಿಲ್ಲ. ಆದರೆ ಹತ್ತು ಗಂಟೆಗೆ ಕ್ಯಾಮೆರಾದಲ್ಲಿ ಅವಳ ಬೆನ್ನ ಹಿಂದೆ ಆ ಗೂಡೇ ಕಾಣುವುದಿತ್ತು.

ಬೀದಿಯವರು ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವರ ಸೊಂಟ ಸಡಿಲಿಸುತ್ತ, ಅಂಚು ಮಡಚುತ್ತ, ಜಿಪ್ಪು ಬದಲಿಸುತ್ತ ಬಂದಿದ್ದಳು. ಈಗ ಒಂದು ಹೊಲಿಗೆ ಶಾಲೆಯವರು ಆನ್‌ಲೈನಿನಲ್ಲಿ ಪಾಠ ಹೇಳುವ ಟೀಚರೊಬ್ಬರನ್ನು ಹುಡುಕುತ್ತಿದ್ದರು. ಅರ್ಜಿ ಹಾಕಿದ ಎಂಬತ್ತು ಜನರಲ್ಲಿ ಆರು ಜನ ಉಳಿದಿದ್ದರು, ಆರರಲ್ಲಿ ಇವಳೂ ಒಬ್ಬಳು. ಹತ್ತು ಗಂಟೆಗೆ ಸರಿಯಾಗಿ, ಮೂವರು ಪರೀಕ್ಷಕರ ಎದುರು, ಇಪ್ಪತ್ತು ನಿಮಿಷ ‘ಅಂಗಿಗೆ ತೋಳು ಕೂರಿಸುವುದು’ ಎಂಬ ಪಾಠವನ್ನು ಮಾಡಿ ತೋರಿಸಬೇಕು. ತಪ್ಪಿದರೆ ಮತ್ತೆ ಕರೆಯುವುದಿಲ್ಲ ಎಂದು ಪತ್ರದಲ್ಲಿ ದಪ್ಪಕ್ಷರದಲ್ಲಿತ್ತು.

ಅದಕ್ಕೇ ಅವಳು ಪಣ ತೊಟ್ಟಿದ್ದಳು: ಇವತ್ತು ಈ ಮನೆಯಲ್ಲಿ ಏನೇ ಎಡವಟ್ಟಾದರೂ ಅದು ತನ್ನ ಕೈಯಿಂದ ಆಗಿರಬಾರದು! ಮನೆಯ ಎಲ್ಲ ದೂರುಗಳಿಗೂ ಆರು ಗಂಟೆಯೊಳಗೇ ಉತ್ತರ ತಯಾರಾಗಿರಬೇಕು!

ಒಂದು ಪ್ರಾರ್ಥನೆಯನ್ನು ಮಾತ್ರ ಹಿಂದಿನ ದಿನವೇ ಸಲ್ಲಿಸಿದ್ದಳು. ಆ ಮನೆಗೆ ಬರುವ ಇಂಟರ್‌ನೆಟ್ಟು ಒಬ್ಬರ ಮುಖ ತೋರಿಸುವಷ್ಟಿತ್ತು. ಇಬ್ಬರು ಕೂತರೆ ಇಬ್ಬರೂ ತೊದಲುತ್ತಿದ್ದರು, ಮೂವರು ಕೂತರೆ ಮೂವರೂ ಬಾಯಿ ತೆರೆದ ಕಲ್ಲಿನ ಬೊಂಬೆಗಳು.

"ಹತ್ತರಿಂದ ಹತ್ತೂಕಾಲು, ಹತ್ತೂವರೆ ತನಕ ಯಾರೂ ನೆಟ್ ಮುಟ್ಟಬೇಡಿ ಅಷ್ಟೇ," ಎಂದಿದ್ದಳು.

"ಹತ್ತಕ್ಕೆ ನನಗೆ ನಲವತ್ತು ಜನರ ಮೀಟಿಂಗು," ಎಂದಿದ್ದ ಗಂಡ. "ನೋಡೋಣ."

"ನನಗೆ ಟ್ಯೂಷನ್ ಅಮ್ಮ. ವಿಡಿಯೋ ಆಫ್ ಮಾಡಿದ್ರೆ ಮೇಡಂ ಹೆಸರು ಕರೀತಾರೆ. ನೋಡೋಣ," ಎಂದಿದ್ದಳು ಮಗಳು.

"ನಿನ್ನೆ ಧಾರಾವಾಹೀಲಿ ಆ ಹುಡುಗಿ ಬಾವಿ ಕಟ್ಟೆ ಮೇಲೆ ನಿಂತಿದ್ದಳು, ಬಿದ್ದಳೋ ಇಲ್ಲವೋ ತಿಳೀಬೇಕಲ್ಲಮ್ಮ. ನೋಡೋಣ," ಎಂದಿದ್ದರು ಅತ್ತೆ.

ಮೂರು ನೋಡೋಣಗಳನ್ನು ಕೂಡಿದರೆ ಒಂದು ಹೂಂ ಆಗುವುದಿಲ್ಲ ಎಂಬ ಲೆಕ್ಕ ಅವಳಿಗೆ ಹದಿನಾರು ವರ್ಷದ ಸಂಸಾರದಲ್ಲಿ ಬಾಯಿಪಾಠವಾಗಿತ್ತು.

ಎಂಟು ಗಂಟೆಗೆ ಮಗಳ ಕೋಣೆಯಿಂದ ಚೀತ್ಕಾರ ಕೇಳಿಸಿತು. ಬೆಂಕಿ ಬಿದ್ದರೂ ಆ ಹುಡುಗಿ ಹಾಗೆ ಕೂಗುವವಳಲ್ಲ.

"ನೆಟ್ಟೇ ಇಲ್ಲ!"

ಇಂಟರ್‌ನೆಟ್ ಡಬ್ಬಿ ಇದ್ದದ್ದು ಹೊಲಿಗೆ ಕೋಣೆಯ ಗೋಡೆಗೂಡಿನಲ್ಲಿ. ಹಾಲಿನಲ್ಲಿಟ್ಟರೆ ಅಂದ ಕೆಡುತ್ತದೆ, ಮಲಗುವ ಕೋಣೆಯಲ್ಲಿಟ್ಟರೆ ನಿದ್ದೆ ಕೆಡುತ್ತದೆ ಎಂದು ಎಲ್ಲರೂ ಸೇರಿ ಅದನ್ನು ಅವಳ ಕೋಣೆಗೆ ತಳ್ಳಿದ್ದರು. ಎಲ್ಲರೂ ಓಡಿ ಬಂದು ನೋಡಿದರೆ, ಡಬ್ಬಿಯ ಹಸಿರು ದೀಪ ಹತ್ತುತ್ತಿತ್ತು, ಒಂದು ಕ್ಷಣ ನಿಲ್ಲುತ್ತಿತ್ತು, ಆರುತ್ತಿತ್ತು. ಮತ್ತೆ ಹತ್ತುತ್ತಿತ್ತು, ಆರುತ್ತಿತ್ತು. ಮುಂದಕ್ಕೆ ಹೋಗಲೊಲ್ಲದು.

"ಯಾರೂ ಗಾಬರಿಯಾಗಬೇಡಿ," ಎಂದ ಗಂಡ, ಯಾರೂ ಗಾಬರಿಯಾಗುವುದಕ್ಕೆ ಮುಂಚೆಯೇ. ಅವನ ಉದ್ಯೋಗ ಕಚೇರಿಯ ಸಿಬ್ಬಂದಿಗೆ ತರಬೇತಿ ಕೊಡುವುದು. ವಿಷಯ: ಸಮಸ್ಯೆಗಳನ್ನು ಬಿಡಿಸುವ ಕಲೆ. ಅದರಲ್ಲಿ ಅವನಿಗೆ ಎರಡು ಫಲಕಗಳೂ ಒಂದು ಗಡಿಯಾರವೂ ಬಹುಮಾನವಾಗಿ ಬಂದಿದ್ದವು. "ಹತ್ತು ನಿಮಿಷದ ಕೆಲಸ. ರೂಟರ್ ಬೂಟ್ ಆಗ್ತಿಲ್ಲ ಅಷ್ಟೇ. ಹಂತ ಹಂತವಾಗಿ ಹೋಗೋಣ. ಏ, ಒಂದು ಟಾರ್ಚ್ ತಗೊಂಡು ಬಾ."

ಅವಳು ಟಾರ್ಚ್ ತಂದಳು.

"ಹಿಡ್ಕೋ. ಅಲ್ಲಲ್ಲ, ಮೇಲೆ. ನನ್ನ ಕಣ್ಣಿಗಲ್ಲ, ಡಬ್ಬಿಗೆ. ಹಾಗೇ ಇರು, ಅಲ್ಲಾಡಬೇಡ. ಸ್ಕ್ರೂಡ್ರೈವರ್ ಎಲ್ಲಿ?"

ಅಲ್ಲಾಡದೆ ಸ್ಕ್ರೂಡ್ರೈವರ್ ತರುವುದು ಹೇಗೆಂದು ಕೇಳದೆ ಅವಳು ತಂದುಕೊಟ್ಟಳು. ಆಮೇಲೆ ಸ್ಟೂಲ್ ತಂದಳು. ಕನ್ನಡಕ ತಂದಳು. ಕನ್ನಡಕ ಒರೆಸಲು ಬಟ್ಟೆ ತಂದಳು. ಚಹಾ ತಂದಳು. ಸಕ್ಕರೆ ಕಡಿಮೆಯಾಯಿತೆಂದು ಸಕ್ಕರೆ ತಂದಳು. ದುರಸ್ತಿ ಮಾಡುತ್ತಿದ್ದವನು ನೆಲದಲ್ಲಿ ಕೂತೇ ಇದ್ದ, ಬೆವರುತ್ತಿದ್ದವಳು ಇವಳು.

ಗಂಡ ಸ್ವಿಚ್ ಆಫ್ ಮಾಡಿದ, ಮೂವತ್ತು ಎಣಿಸಿದ, ಆನ್ ಮಾಡಿದ. ದೀಪ ಹತ್ತಿತು, ಆರಿತು. ಅರವತ್ತು ಎಣಿಸಿದ. ಹತ್ತಿತು, ಆರಿತು. ಹಿಂದಿನ ವೈರುಗಳನ್ನು ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿಯೇ ಉಸಿರು ಕಟ್ಟಿಸುತ್ತಿದೆಯೋ ಏನೋ ಎಂಬ ಅನುಮಾನ ಬಂದು, ಕೈಗೆ ಸಿಕ್ಕಿದ ಕತ್ತರಿಯಿಂದ ಅದನ್ನು ಕಟಕ್ಕನೆ ಕತ್ತರಿಸಿದ.

"ರೀ! ಅದು ಬಟ್ಟೆ ಕತ್ತರಿ!"

"ಕತ್ತರಿ ಅಂದ್ಮೇಲೆ ಕತ್ತರಿಸುತ್ತೆ. ಅದರಲ್ಲೂ ಜಾತಿನಾ?"

ಬಟ್ಟೆಯ ಕತ್ತರಿಯನ್ನು ಕಾಗದಕ್ಕೂ ತಾಗಿಸದವಳು ಆ ಬಾಯನ್ನು ಬೆಳಕಿಗೆ ಹಿಡಿದು ನೋಡಿದಳು. ನಡುವೆ ಸಣ್ಣ ಕಚ್ಚು ಬಿದ್ದಿತ್ತು. ಅಷ್ಟರಲ್ಲಿ, ಪಾಠಕ್ಕೆಂದು ಗುರುತು ಹಾಕಿ, ಕತ್ತರಿಸಿ, ಇಸ್ತ್ರಿ ಮಾಡಿ ಚಾಪೆಯ ಮೇಲಿಟ್ಟಿದ್ದ ಎಡ ತೋಳಿನ ಮೇಲೆ ಗಂಡನ ಮೊಣಕಾಲು ಬಂದು ಕೂತಿತು. ಅವಳು ಅದನ್ನು ಮೆಲ್ಲಗೆ ಎಳೆದುಕೊಂಡು ಮತ್ತೆ ಇಸ್ತ್ರಿಗೆ ನಿಂತಳು. ಬಿಡುವಿದ್ದ ಕೈಯಲ್ಲಿ ಟಾರ್ಚ್.

ಎಂಟೂ ಮುಕ್ಕಾಲಿಗೆ ಸಭೆ ಸೇರಿತು. ಗಂಡ ಸ್ಟೂಲಿನ ಮೇಲೆ, ಮಗಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಅತ್ತೆ ಬಾಗಿಲಲ್ಲಿ.

"ನಾನು ಕಚೇರೀಲಿ ಕಲಿಸೋದನ್ನೇ ಹೇಳ್ತೀನಿ. ಯಾವ ಸಮಸ್ಯೆಗೂ ‘ಯಾಕೆ’ ಅಂತ ಐದು ಸಲ ಕೇಳಬೇಕು. ಐದನೇ ಸಲಕ್ಕೆ ಮೂಲ ಕಾರಣ ತಾನಾಗಿ ಬಂದು ಕಾಲಿಗೆ ಬೀಳುತ್ತೆ. ಒಂದನೇದು. ನೆಟ್ ಯಾಕೆ ಇಲ್ಲ?"

"ಡಬ್ಬಿ ಆನ್ ಆಗ್ತಿಲ್ಲ," ಎಂದಳು ಮಗಳು.

"ವೆರಿಗುಡ್. ಎರಡು. ಯಾಕೆ ಆನ್ ಆಗ್ತಿಲ್ಲ?"

"ಲೈಟ್ ಬರುತ್ತೆ, ಹೋಗುತ್ತೆ ಕಣಪ್ಪ. ಅದು ನಂಗೂ ಕಾಣ್ತಿದೆ, ನಿಂಗೂ ಕಾಣ್ತಿದೆ."

"ಮೂರು. ಯಾಕೆ ಬಂದು ಹೋಗುತ್ತೆ?"

"ನಿಮ್ಮಪ್ಪನೂ ಹೀಗೇ ಕಣೋ," ಎಂದರು ಅತ್ತೆ. "ಎದ್ದು ಕೂರೋರು, ಎಲ್ಲರ ಮುಖ ನೋಡೋರು, ಮತ್ತೆ ಮಲಗಿಬಿಡೋರು. ಏನೂ ಕಾರಣ ಇರ್ತಿರಲಿಲ್ಲ."

"ಅಮ್ಮಾ, ಇದು ಸೀರಿಯಸ್ಸು. ನಾಲ್ಕು. ನಿನ್ನೆ ಇದ್ದದ್ದು ಇವತ್ತು ಯಾಕಿಲ್ಲ? ಅಂದ್ರೆ ಮಧ್ಯೆ ಏನೋ ಆಗಿದೆ. ಐದು. ಕೊನೇ ಸಲ ಇದನ್ನ ಮುಟ್ಟಿದ್ದು ಯಾರು?"

ಐದನೆಯ ‘ಯಾಕೆ’ ‘ಯಾರು’ ಆಗಿ ಬದಲಾದದ್ದನ್ನು ಯಾರೂ ಗಮನಿಸಲಿಲ್ಲ. ಆ ಮನೆಯಲ್ಲಿ ಅದು ಹಾಗೇ ಆಗುತ್ತಿತ್ತು.

"ನಾನು ಬೆಳಗ್ಗೆ ಒರೆಸಿದೆ," ಎಂದಳು ಅವಳು.

"ನಾನು ಹೇಳಲಿಲ್ವಾ!" ಎಂದರು ಅತ್ತೆ ತಕ್ಷಣ. "ಇಷ್ಟೊಂದು ಒರೆಸ್ತಾ ಕೂತರೆ ವಸ್ತು ಬಾಳಿಕೆ ಬರಲ್ಲ ಅಂತ. ಧೂಳೂ ಒಂದು ರಕ್ಷಣೆ ಕಣಮ್ಮ."

"ಅಮ್ಮಾ! ಒರೆಸಿದ್ರೆ ಎಲ್ಲಾದ್ರೂ ರೂಟರ್ ಕೆಡುತ್ತಾ?" ಗಂಡ ನಕ್ಕ. ಮಗಳೂ ನಕ್ಕಳು. ಒಳ್ಳೆಯ ವಕೀಲ ಸಿಕ್ಕಿದ ಸಮಾಧಾನದಲ್ಲಿ ಟೈಲರಮ್ಮನೂ ನಕ್ಕಳು. "ಒರೆಸೋದು ಗಿರೆಸೋದು ಬಿಡು. ನಾನು ಕೇಳ್ತಿರೋದು ಟೆಕ್ನಿಕಲ್ಲಾಗಿ ಮುಟ್ಟಿದ್ದು."

ಟೆಕ್ನಿಕಲ್ಲಾಗಿ ಯಾರೂ ಮುಟ್ಟಿರಲಿಲ್ಲವಾದ್ದರಿಂದ ಆರೋಪಿಯಿಲ್ಲದೆ ಸಭೆ ಮುಗಿಯಿತು.

ಆಮೇಲೆ ಗಂಡನಿಗೆ ಡಬ್ಬಿಯ ಹಿಂದಿನ ಸಣ್ಣ ತೂತು ಕಂಡಿತು. ಅದಕ್ಕೆ ಪಿನ್ನು ಚುಚ್ಚಿ ಒತ್ತಿ ಹಿಡಿದರೆ ಡಬ್ಬಿಗೆ ಮರುಜನ್ಮ ಎಂದು ಎಲ್ಲೋ ಓದಿದ್ದ. ಅವಳ ಸೂಜಿದಿಂಬಿನಿಂದ ಗುಂಡುಪಿನ್ನು ಕಿತ್ತು ಚುಚ್ಚಿದ. ಹತ್ತಿತು, ಆರಿತು. ಇನ್ನೊಂದು ಕಿತ್ತ, ಮೊದಲನೆಯದು ಬಗ್ಗಿತ್ತು. ಐದು ಪಿನ್ನು ಬಗ್ಗಿದರೂ ಡಬ್ಬಿ ಬಗ್ಗಲಿಲ್ಲ.

ಒಂಬತ್ತೂ ಇಪ್ಪತ್ತಾಯಿತು.

"ರೀ, ಆ ಕಂಪನಿಯವರಿಗಾದ್ರೂ ಫೋನ್ ಮಾಡಿ."

"ಫೋನ್ ಮಾಡೋದು ಸೋತವರು."

"ನಿಮ್ಮ ಮೀಟಿಂಗಿಗೆ ನಲವತ್ತು ಜನ ಕಾಯ್ತಾರೆ ಅಂದ್ರಿ."

ನಲವತ್ತರ ಹೆಸರು ಕೇಳಿ ಗಂಡ ಎದ್ದ. ನಾಲ್ಕು ಗೋಡೆಗಳೊಳಗೆ ಫೋನಿನಲ್ಲಿ ಮಾತೂ ನೆಟ್ಟಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಬಾಲ್ಕನಿಯ ಮೂಲೆಗೆ ಹೋಗಿ, ಒಂದು ಕಾಲನ್ನು ಹೂಕುಂಡದ ಅಂಚಿಗಿಟ್ಟು ನಿಂತ. ಬಾಲ್ಕನಿಗೆ ಹೊಲಿಗೆ ಮೆಷಿನ್ ಹೊತ್ತುಕೊಂಡು ಹೋಗಿ ಪಾಠ ಮಾಡಬಹುದೇ ಎಂದು ಅವಳು ಯೋಚಿಸಿದ್ದೂ ಉಂಟು. ಆದರೆ ಅಲ್ಲಿ ಪ್ಲಗ್ಗಿರಲಿಲ್ಲ, ಆ ಮೂಲೆಯಲ್ಲಿ ಮನುಷ್ಯರೊಬ್ಬರು ಒಂಟಿಕಾಲಲ್ಲಿ ನಿಲ್ಲುವಷ್ಟೇ ಜಾಗವಿತ್ತು. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹದಿನೆಂಟು ನಿಮಿಷ ಹೇಳಿದ ಮೇಲೆ ಫೋನಿನಿಂದ ಒಂದು ನಿಜವಾದ ಹೆಣ್ಣು ದನಿ ಬಂತು. ಗಂಡ ಸ್ಪೀಕರ್ ಹಾಕಿದ್ದ. ಕಿಟಕಿಯ ಮೂಲಕ ಒಳಗೆ ಎಲ್ಲವೂ ಕೇಳಿಸುತ್ತಿತ್ತು.

"ಪವರ್ ಲೈಟ್ ಸ್ಟಡಿಯಾಗಿ ನಿಂತಿದೆಯಾ ಸರ್?"

"ಏ! ಲೈಟ್ ನಿಂತಿದೆಯಾ?"

"ಇಲ್ಲ. ಹತ್ತಿ ಆರ್ತಾ ಇದೆ," ಎಂದು ಅವಳು ಕೋಣೆಯಿಂದ ಕೂಗಿದಳು.

"ಹತ್ತಿ ಆರ್ತಾ ಇದೆ ಮೇಡಂ. ನಾನು ಈಗಾಗಲೇ ಪಿನ್ ಹಾಕಿ ರೀಸೆಟ್ ಮಾಡಿದೀನಿ. ಐದು ಸಲ."

"ಅದು ಲೈಟ್ ನಿಂತಿದ್ದಾಗ ಮಾತ್ರ ಆಗುತ್ತೆ ಸರ್. ಅಲ್ಲದೆ ಈಗ ಮಾಡಬೇಡಿ. ರೀಸೆಟ್ ಮಾಡಿದ್ರೆ ಡಬ್ಬಿ ನಿಮ್ಮ ಮನೆಯ ಫೋನು, ಟೀವಿ, ಲ್ಯಾಪ್‌ಟಾಪು ಎಲ್ಲಾನೂ ಮರೆತುಬಿಡುತ್ತೆ. ಹೊಸ ಹೆಸರು, ಹೊಸ ಪಾಸ್‌ವರ್ಡು ಬರುತ್ತೆ. ಅದು ಡಬ್ಬಿಯ ಹೊಟ್ಟೆ ಕೆಳಗಿನ ಚೀಟೀಲಿರುತ್ತೆ. ಅದನ್ನ ಓದಿ ಹಾಕಿದವರಿಗೆ ಮಾತ್ರ ನೆಟ್ ಸಿಗೋದು. ಮಿಕ್ಕಿದ್ದು ನಮ್ಮ ಕಡೆಯಿಂದ ತಾನಾಗಿ ಬರುತ್ತೆ. ಮೊದಲು ಅಡಾಪ್ಟರ್ ನೋಡೋಣ ಸರ್. ಮೇಲೆ ಹನ್ನೆರಡು ವೋಲ್ಟ್ ಅಂತ ಬರೆದಿದೆಯಾ?"

"ಮೇಡಂ, ನಾಲ್ಕು ವರ್ಷದಿಂದ ಅದೇ ಅಡಾಪ್ಟರ್. ನಮ್ಮನೇಲಿ ಅದನ್ನ ಯಾರೂ ಮುಟ್ಟೋದೇ ಇಲ್ಲ."

"ಒಂದು ಸಲ ಓದಿ ನೋಡಿದ್ರೆ..."

"ಮೇಡಂ, ನಾನು ಸಮಸ್ಯೆ ಬಿಡಿಸೋದನ್ನ ಜನಕ್ಕೆ ಕಲಿಸೋನು. ನಿಮ್ಮ ಮೇಲಿನವರಿಗೆ ಫೋನ್ ಕೊಡಿ."

ಮತ್ತೆ ನಿಮ್ಮ ಕರೆ ನಮಗೆ ಅಮೂಲ್ಯ ಶುರುವಾಯಿತು.

ವಾರಕ್ಕೊಮ್ಮೆ ಆ ವೈರುಗಳ ಧೂಳು ಒರೆಸುತ್ತಿದ್ದ ‘ಯಾರೂ’ ಒಳಗೆ ಟಾರ್ಚ್ ಹಿಡಿದು ನಿಂತಿದ್ದಳು. ನೆಟ್ ಬರಲಿ ಬಿಡಲಿ, ಕನಿಷ್ಠ ಮೆಷಿನ್ನನ್ನಾದರೂ ಸಜ್ಜು ಮಾಡಿಡೋಣವೆಂದು, ಸೂಜಿಗೆ ಬೆಳಕು ಬೀಳಲು ಮೆಷಿನ್ನಿಗೆ ಸಿಕ್ಕಿಸಿದ್ದ ಪುಟ್ಟ ದೀಪದ ಸ್ವಿಚ್ ಒತ್ತಿದಳು. ಕೋಣೆಯೆಲ್ಲ ಬೆಳ್ಳಗಾಯಿತು. ಬೆಳಗಿನ ಆರಕ್ಕೆ ಪರೀಕ್ಷೆಗೆಂದು ಹಾಕಿ ನೋಡಿದಾಗಲೂ ಹೀಗೇ ಉರಿದಿತ್ತು. ಒಂದು ಒರೆಸಿಗೆ ಎಷ್ಟು ಹೊಳಪು ಬಂತಪ್ಪಾ ಎಂದು ಆಗ ಬೀಗಿದ್ದಳು. ಶುಭಸೂಚನೆಯೆಂದೂ ಅಂದುಕೊಂಡಿದ್ದಳು. ಈಗ ದೀಪದ ಕುತ್ತಿಗೆ ಮುಟ್ಟಿದರೆ ಚುರ್ರೆಂದಿತು. ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ ಬಂತು.

ಮೂರು ವರ್ಷ ಮಿಣಿಮಿಣಿ ಎನ್ನುತ್ತಿದ್ದ ದೀಪಕ್ಕೆ ಇದ್ದಕ್ಕಿದ್ದಂತೆ ಇಷ್ಟು ಕೊಬ್ಬು ಎಲ್ಲಿಂದ ಬಂತು?

ದೀಪವನ್ನು ಆರಿಸಿ, ಅದರ ವೈರನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಹೋದಳು, ಬಿಟ್ಟುಹೋದ ಹೊಲಿಗೆಯ ಮೂಲ ಹುಡುಕುವ ಹಾಗೆ. ಮೆಷಿನ್ನಿನಿಂದ ಮೇಜಿನ ಕೆಳಗೆ, ಅಲ್ಲಿಂದ ಗೋಡೆಗೆ, ಗೋಡೆಯಿಂದ ಪ್ಲಗ್ಗಿನ ಬೋರ್ಡಿಗೆ. ಅಲ್ಲಿ ಅಕ್ಕಪಕ್ಕ ಎರಡು ಕರಿಯ ಅಡಾಪ್ಟರ್‌ಗಳು, ಒಂದೇ ಬಣ್ಣ, ಒಂದೇ ದಪ್ಪದ ವೈರು, ಒಂದೇ ಅಳತೆಯ ತುದಿ. ಟಾರ್ಚಿನ ಬೆಳಕು ಬಿಟ್ಟು ಕಣ್ಣು ಕಿರಿದು ಮಾಡಿ ಓದಿದಳು. ದೀಪಕ್ಕೆ ಹೋಗುತ್ತಿದ್ದುದರ ಮೇಲೆ ಹನ್ನೆರಡು ವೋಲ್ಟ್ ಎಂದಿತ್ತು. ಡಬ್ಬಿಗೆ ಹೋಗುತ್ತಿದ್ದುದರ ಮೇಲೆ ಐದು.

ಆರು ಗಂಟೆಯ ಅರೆಗತ್ತಲಲ್ಲಿ ಎರಡನ್ನೂ ಕಿತ್ತು, ಒದ್ದೆಯಲ್ಲೊಮ್ಮೆ ಒಣದಲ್ಲೊಮ್ಮೆ ಒರೆಸಿ, ಇದರ ತುದಿ ಅದಕ್ಕೆ, ಅದರ ತುದಿ ಇದಕ್ಕೆ ಚುಚ್ಚಿದ್ದಳು. ಪೈಲ್ವಾನನಿಗೆ ಮಗುವಿನ ತಟ್ಟೆ, ಮಗುವಿಗೆ ಪೈಲ್ವಾನನ ತಟ್ಟೆ. ಬೆಳಗಿನ ಆರರಿಂದ ಡಬ್ಬಿ ಅರೆಹೊಟ್ಟೆಯಲ್ಲಿ ಏಳಲು ನೋಡಿ ನೋಡಿ ಬೀಳುತ್ತಿತ್ತು.

ಗಂಡನನ್ನು ನೆನೆದು ನಗಲು ತೆರೆದ ಬಾಯನ್ನು ಅವಳು ಹಾಗೇ ಮುಚ್ಚಿಕೊಂಡಳು. ಅವನು ಐದು ಪ್ರಶ್ನೆ ಕೇಳಿಯೂ ಹಿಡಿಯಲಾಗದ್ದನ್ನು ಅತ್ತೆ ಒಂದೂ ಪ್ರಶ್ನೆ ಕೇಳದೆ ಹೇಳಿಬಿಟ್ಟಿದ್ದರು. ತಾನಂತೂ ಸತ್ಯವನ್ನು ಬಾಯಾರೆ ಹೇಳಿಯೂ ನಂಬಿರಲಿಲ್ಲ. ಒರೆಸುವುದು ಮುಟ್ಟುವುದರಲ್ಲಿ ಸೇರುವುದಿಲ್ಲವೆಂದು ಗಂಡನಷ್ಟೇ ಗಟ್ಟಿಯಾಗಿ ಅವಳೂ ತಿಳಿದಿದ್ದಳು! ಅತ್ತೆ ಸರಿ ಎಂದು ಒಪ್ಪಿಕೊಳ್ಳುವುದು ಸುಟ್ಟ ಬೆರಳಿಗಿಂತ ಹೆಚ್ಚು ಉರಿಯಿತು.

ತುದಿಗಳನ್ನು ಅದಲುಬದಲು ಮಾಡಿದಳು. ಡಬ್ಬಿಯ ದೀಪ ಹತ್ತಿತು. ಆರಲಿಲ್ಲ. ನಿಂತೇ ನಿಂತಿತು. ಪಕ್ಕದಲ್ಲಿ ಎರಡನೆಯದು ಮಿನುಗಿತು.

ಗಡಿಯಾರದಲ್ಲಿ ಒಂಬತ್ತೂ ನಲವತ್ತೊಂಬತ್ತು.

ಬಾಯಿ ತುಂಬಾ "ಬಂತೂ!" ಎಂದು ಕೂಗುವುದರಲ್ಲಿದ್ದಳು. ಅಷ್ಟರಲ್ಲಿ ಬಾಗಿಲಾಚೆ ಕಣ್ಣು ಹೋಯಿತು. ಹಾಲಿನಲ್ಲಿ ಅತ್ತೆ ರಿಮೋಟ್ ಹಿಡಿದು ಖಾಲಿ ಪರದೆಯನ್ನೇ ನೋಡುತ್ತಿದ್ದರು. ಮಗಳ ಕೋಣೆಯಿಂದ, ಹತ್ತು ಸೆಕೆಂಡಿಗೊಮ್ಮೆ, ಸಿಕ್ಕಿತಾ ಎಂದು ಪರದೆ ತಟ್ಟುವ ಸದ್ದು. ಊಟದ ಮೇಜಿನ ಮೇಲೆ ಗಂಡನ ಲ್ಯಾಪ್‌ಟಾಪು ಬಾಯಿ ತೆರೆದು ಕಾದಿತ್ತು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಡಬ್ಬಿ ಪೂರ್ತಿ ಎದ್ದು ಕೂರುತ್ತದೆ, ಹಳೇ ಹೆಸರಿನಲ್ಲೇ ಎಲ್ಲರನ್ನೂ ಕರೆಯುತ್ತದೆ, ಯಾರೂ ಏನನ್ನೂ ಒತ್ತದೆಯೇ ಎಲ್ಲವೂ ಹಾರಿ ಬಂದು ಅಂಟಿಕೊಳ್ಳುತ್ತವೆ. ನಲವತ್ತು ಜನ, ಟ್ಯೂಷನ್ ಮೇಡಂ, ಬಾವಿ ಕಟ್ಟೆಯ ಹುಡುಗಿ, ಇವರೆಲ್ಲರ ಸಂದಿಯಲ್ಲಿ ಒಂದು ತೋಳು. ಮೂವರು ಪರೀಕ್ಷಕರಿಗೆ ಕಾಣುವುದು ಕತ್ತರಿ ಹಿಡಿದು ಬಾಯಿ ತೆರೆದು ಕಲ್ಲಾದ ಒಬ್ಬ ಹೆಂಗಸು.

ಹೋಗಿ ಕೇಳಿಕೊಳ್ಳಬಹುದಿತ್ತು. ಇಪ್ಪತ್ತೇ ನಿಮಿಷ ಎನ್ನಬಹುದಿತ್ತು. ಮೂವರೂ ‘ನೋಡೋಣ’ ಎನ್ನುತ್ತಿದ್ದರು.

ಬಾಲ್ಕನಿಯಿಂದ ಕೂಗು ಬಂತು. "ಏನೇ? ಲೈಟ್ ಹೇಗಿದೆ?"

ಅವಳು ಡಬ್ಬಿಯನ್ನು ಎತ್ತಿ ಬೆನ್ನು ತನ್ನ ಕಡೆಗೆ ತಿರುಗಿಸಿದಳು. ಸೂಜಿದಿಂಬಿನಲ್ಲಿ ನೆಟ್ಟಗೆ ಉಳಿದದ್ದು ಒಂದೇ ಪಿನ್ನು. ಅದನ್ನು ಎಳೆದುಕೊಂಡು ಸಣ್ಣ ತೂತಿಗೆ ಇಳಿಸಿದಳು. ತಳದಲ್ಲಿ ಗುಂಡಿ ಮೆತ್ತಗೆ ತಾಗಿತು. ಒತ್ತಿದರೆ ಈ ಮನೆಯ ಯಾರೂ ಅದಕ್ಕೆ ನೆನಪಿರುವುದಿಲ್ಲ. ಕೈ ಒಂದು ಕ್ಷಣ ತಡೆಯಿತು. ಆ ಕೈಗೆ ಬೇರೆಯವರ ವಸ್ತು ಕೆಡಿಸಿ ಅಭ್ಯಾಸವಿರಲಿಲ್ಲ. ಕೆಡಿಸಿದ್ದು ಅದೇ ದಿನ ಬೆಳಗ್ಗೆ ಮೊದಲ ಸಲ, ಅದೂ ಒರೆಸಲು ಹೋಗಿ.

ಒತ್ತಿದಳು. ಹೊಲಿಗೆಯ ಉದ್ದ ಎಣಿಸುವ ಹಾಗೆ ಸಮನಾಗಿ ಎಣಿಸಿದಳು. ಮೂರಕ್ಕೆ ಲ್ಯಾಪ್‌ಟಾಪು ಹೋಯಿತು ಎಂದುಕೊಂಡಳು. ಐದಕ್ಕೆ ಟ್ಯೂಷನ್ನು. ಎಂಟಕ್ಕೆ ಧಾರಾವಾಹಿ. ಹತ್ತಕ್ಕೆ ದೀಪಗಳೆಲ್ಲ ಒಮ್ಮೆಗೇ ಆರಿ, ಅಪರಿಚಿತರ ಮನೆಗೆ ಬಂದಂತೆ ಅಂಜುತ್ತಂಜುತ್ತ ಒಂದೊಂದಾಗಿ ಹತ್ತಿಕೊಂಡವು. ಡಬ್ಬಿಯನ್ನು ಬೋರಲು ಹಾಕಿ, ಹೊಟ್ಟೆಯ ಕೆಳಗಿನ ಚೀಟಿಯ ಇರುವೆಯಂಥ ಅಕ್ಷರಗಳನ್ನು ಟಾರ್ಚಿನಲ್ಲಿ ಓದಿ, ಗುರುತು ಹಾಕುವ ಸೀಮೆಸುಣ್ಣದಿಂದ ಕರಿಯ ಬಟ್ಟೆಯ ಚೂರಿನ ಮೇಲೆ ಬರೆದುಕೊಂಡಳು. ಹದಿನಾರು ಅಕ್ಷರ. ಪಾಠಕ್ಕೆಂದು ಮೇಜಿನ ಮೇಲೆ ನಿಲ್ಲಿಸಿದ್ದ ತನ್ನ ಟ್ಯಾಬಿಗೆ ಒಂದೊಂದಾಗಿ ಒತ್ತಿದಳು. ಸಿಕ್ಕಿತು.

ಒಂಬತ್ತೂ ಐವತ್ತೇಳಕ್ಕೆ ಗಂಡ ಬಾಗಿಲಿಗೆ ಬಂದ. ಅವನ ಹಿಂದೆ ಮಗಳು, ಮಗಳ ಹಿಂದೆ ಅತ್ತೆ.

"ಲೈಟ್ ನಿಂತಿದೆ!" ಎಂದ ಗಂಡ ಬೆರಗಾಗಿ. "ನೋಡಿದ್ಯಾ? ನಾನು ಹಾಕಿದ ಪಿನ್ನು ಈಗ ಕೆಲಸ ಮಾಡ್ತು! ಆದ್ರೆ ನನ್ನ ಲ್ಯಾಪ್‌ಟಾಪಲ್ಲಿ ಯಾಕೆ ಬರ್ತಿಲ್ಲ?"

"ನಂಗೂ ಯಾಕೆ ಬರ್ತಿಲ್ಲ ಅಮ್ಮ?"

"ಟೀವೀಲೂ ಯಾಕಮ್ಮ ಬರ್ತಿಲ್ಲ?"

"ಮೂರು ಯಾಕೆ ಆಯ್ತು. ಇನ್ನೆರಡು ಹೊರಗೆ ನಿಂತು ಕೇಳ್ಕೊಳ್ಳಿ," ಎಂದಳು ಟೈಲರಮ್ಮ. "ನನಗೆ ಬಂದಿದೆ ರೀ. ನಿಮಗೆಲ್ಲ ಹತ್ತೂವರೆಗೆ ಬರುತ್ತೆ."

ಬಾಗಿಲು ಹಾಕಿ ಚಿಲಕವೇರಿಸಿದಳು. ಬಂದು ಕೂತು, ಎಡ ತೋಳಿನ ಮೇಲೆ ಉಳಿದಿದ್ದ ಗಂಡನ ಮೊಣಕಾಲಿನ ಗುರುತು ಕ್ಯಾಮೆರಾಕ್ಕೆ ಕಾಣದಂತೆ ಒಳಗಡೆಗೆ ಮಡಚಿದಳು.